ನೆಂಟರ ಮೇಲೆ ಪ್ರೀತಿ, ಅಕ್ಕಿಯ ಲೆಕ್ಕ

ಚಂಡಮಾರುತ ಬರುತ್ತಿದೆ, ಊರು ಬಿಡಿ ಎಂದು ಅಮೆರಿಕದ ಕರಾವಳಿಯಲ್ಲಿ ಆದೇಶ ಹೊರಟಾಗ ಜನ ಎಲ್ಲಿಗೆ ಹೋಗುತ್ತಾರೆ? ಟೀವಿ ನೋಡಿದವರು ಕ್ರೀಡಾಂಗಣಕ್ಕೆ ಎನ್ನುತ್ತಾರೆ. 2005ರ ಕತ್ರಿನಾ ಎಂದರೆ ಇವತ್ತಿಗೂ ನೆನಪಾಗುವುದು ನ್ಯೂ ಆರ್ಲಿಯನ್ಸಿನ ಸೂಪರ್‌ಡೋಮ್, ಹ್ಯೂಸ್ಟನ್ನಿನ ಆಸ್ಟ್ರೋಡೋಮ್, ಸಾಲು ಸಾಲಾಗಿ ಹಾಕಿದ ಮಡಚುವ ಮಂಚಗಳು. ಆದರೆ ಊರು ಬಿಟ್ಟವರನ್ನು ವಿಚಾರಿಸಿದ ಅಧ್ಯಯನಗಳು ದಶಕಗಳಿಂದ ಬೇರೆಯದನ್ನೇ ಹೇಳುತ್ತ ಬಂದಿವೆ. ಸಾರ್ವಜನಿಕ ಆಶ್ರಯ ಕೇಂದ್ರಗಳಿಗೆ ಹೋಗುವವರ ಪಾಲು ಸಣ್ಣದು. ಹೆಚ್ಚಿನವರು ಅಣ್ಣನ ಮನೆಗೋ ಅತ್ತೆಯ ಮನೆಗೋ ಹಳೆಯ ಸ್ನೇಹಿತರ ಮನೆಗೋ ಹೋಗುತ್ತಾರೆ. ಕೈಯಲ್ಲಿ ದುಡ್ಡಿದ್ದವರು ಹೋಟೆಲು ಹಿಡಿಯುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಆ ದೇಶದ ಅತಿ ದೊಡ್ಡ ಗಂಜಿ ಕೇಂದ್ರ ನೆಂಟರ ಮನೆ.

ಈ ರೂಢಿಯನ್ನು ಪ್ರತಿ ಚಂಡಮಾರುತದ ನಂತರ ಎಲ್ಲರೂ ಹೊಗಳುತ್ತಾರೆ. ಅದು ಹೊಗಳಿಕೆಗೆ ತಕ್ಕದ್ದೇ. ಆದರೆ ಲಕ್ಷಾಂತರ ಜನರ ಹೊರೆ ಹೊರುವ ಒಂದು ವ್ಯವಸ್ಥೆಯನ್ನು ಹೊಗಳಿ ಸುಮ್ಮನಾದರೆ ಸಾಲದು, ತೂಗಿ ನೋಡಬೇಕು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ವಾರಕ್ಕೆ ನೆಂಟರ ಮನೆಗಿಂತ ಒಳ್ಳೆಯ ಆಸರೆ ಇಲ್ಲ. ತಿಂಗಳು ಕಳೆದ ಮೇಲೆ ಅದು ಸರ್ಕಾರದ ಜವಾಬ್ದಾರಿಯನ್ನು ಬಡವರ ಅಡುಗೆಮನೆಗೆ ದಾಟಿಸುವ ಉಪಾಯವಾಗುತ್ತದೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಯ ಕುಹಕ ಇಲ್ಲಿ ತಟ್ಟಬೇಕಾದ್ದು ಮನೆ ಬಾಗಿಲು ತೆರೆದವರಿಗಲ್ಲ. ಬಾಯಲ್ಲಿ ಪ್ರೀತಿಯನ್ನು ಕೊಂಡಾಡುತ್ತ ಅಕ್ಕಿಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡ ಆಡಳಿತಕ್ಕೆ.

ಗುಣವನ್ನು ಮೊದಲು ನೋಡೋಣ. ಕ್ರೀಡಾಂಗಣದಲ್ಲಿ ಮನುಷ್ಯ ಒಂದು ಮಂಚದ ಸಂಖ್ಯೆ. ಅಕ್ಕನ ಮನೆಯಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತು, ಇನ್ಸುಲಿನ್ ಇಡಲು ಫ್ರಿಜ್ ಇದೆ, ರಾತ್ರಿ ಅಳುವ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರಿದ್ದಾರೆ. ಹತ್ತಿರದ ಶಾಲೆ ಯಾವುದು, ಯಾವ ಅಂಗಡಿಯಲ್ಲಿ ಕೆಲಸ ಸಿಗಬಹುದು ಎಂದು ಹೇಳುವವರಿದ್ದಾರೆ. ಯಾವ ಇಲಾಖೆಯೂ ಒಂದೇ ರಾತ್ರಿಯಲ್ಲಿ ಇಷ್ಟನ್ನು ಒದಗಿಸಲಾರದು. 2005ರ ಆಗಸ್ಟ್ 29ರಂದು ಕತ್ರಿನಾ ದಡ ಮುಟ್ಟಿತು. ನ್ಯೂ ಆರ್ಲಿಯನ್ಸ್ ಕಡ್ಡಾಯವಾಗಿ ಖಾಲಿಯಾಗಬೇಕೆಂಬ ಆದೇಶ ಬಂದಿದ್ದು ಅದರ ಹಿಂದಿನ ದಿನ. ಒಡ್ಡುಗಳು ಒಡೆದು ನಗರದ ಸುಮಾರು ಶೇ. 80 ಭಾಗ ಮುಳುಗಿತು, ಇಡೀ ಕೊಲ್ಲಿ ಕರಾವಳಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ನೆಲೆ ತಪ್ಪಿದರು. ಅಷ್ಟು ಜನ ಬೀದಿಯಲ್ಲಿ ಮಲಗಲಿಲ್ಲ ಎಂದರೆ ಅದಕ್ಕೆ ಮುಖ್ಯ ಕಾರಣ ಟೆಕ್ಸಾಸ್, ಜಾರ್ಜಿಯಾ, ಟೆನೆಸ್ಸೀಗಳಲ್ಲಿದ್ದ ಬಂಧುಗಳು.

ಇದನ್ನು ಹತ್ತಿರದಿಂದ ನೋಡಿದ ಕೃತಿಗಳಲ್ಲಿ ಮಾನವಶಾಸ್ತ್ರಜ್ಞೆ ಕ್ಯಾಥರೀನ್ ಬ್ರೌನ್ ಅವರ ಕೆಲಸಕ್ಕೆ ವಿಶೇಷ ತೂಕವಿದೆ. ಗಿನ್ನಿ ಮಾರ್ಟಿನ್ ಜೊತೆ ಸೇರಿ ಮಾಡಿದ 'ಸ್ಟಿಲ್ ವೇಟಿಂಗ್' ಎಂಬ ಸಾಕ್ಷ್ಯಚಿತ್ರ 2007ರದು. ಅದರಲ್ಲಿ ಬರುವ ಕುಟುಂಬದ ಜಾಡನ್ನು ಎಂಟು ವರ್ಷ ಹಿಡಿದು ಬರೆದ 'ಸ್ಟ್ಯಾಂಡಿಂಗ್ ಇನ್ ದ ನೀಡ್' ಪುಸ್ತಕ ಬಂದಿದ್ದು 2015ರಲ್ಲಿ. ನ್ಯೂ ಆರ್ಲಿಯನ್ಸ್ ಪಕ್ಕದ ಸೇಂಟ್ ಬರ್ನಾರ್ಡ್ ಪ್ಯಾರಿಷ್‌ನಲ್ಲಿ ತಲೆತಲಾಂತರದಿಂದ ಅಕ್ಕಪಕ್ಕವೇ ಬದುಕಿದ್ದ ಒಂದು ದೊಡ್ಡ ಕಪ್ಪು ಕುಟುಂಬ ಅದು. ಅದರ 155 ಮಂದಿ ಡಲ್ಲಾಸ್ ಕಡೆಗೆ ಹೊರಟು ಅಲ್ಲಿದ್ದ ಒಬ್ಬ ಸೋದರಸಂಬಂಧಿ ಹೆಂಗಸಿನ ಆಸರೆಗೆ ಬಂದರು. ಒಂದು ಮದುವೆಮನೆಗೂ ಹೆಚ್ಚಾಗುವ ಈ ಸಂಖ್ಯೆಯನ್ನು ಕೇಳಿ ನಾವು ಬೆರಗಾಗುತ್ತೇವೆ. ಬ್ರೌನ್ ಬೆರಗಿನಲ್ಲಿ ನಿಲ್ಲುವುದಿಲ್ಲ. ಆ ಮನೆಯಲ್ಲಿ ಏನು ಬೇಯುತ್ತಿತ್ತು, ಯಾರು ಯಾರ ಪಕ್ಕ ಕೂತರು, ತಮ್ಮೂರಿನ ಗಂಬೋ ಸಾರು, ಕೆಂಪು ಬೀನ್ಸ್ ಕಾಳು ಎಲೆಗೆ ಬಿದ್ದಾಗ ಜನ ಹೇಗೆ ಸ್ವಲ್ಪ ಸ್ವಸ್ಥರಾದರು ಎಂಬುದನ್ನು ಅವರು ಪರಿಹಾರದ ಕತೆಯ ಮಧ್ಯಕ್ಕೆ ತರುತ್ತಾರೆ. ಊರಿಗೆ ಮರಳಿದ ಮೇಲೆ ಕೇಂದ್ರ ವಿಪತ್ತು ಸಂಸ್ಥೆ ಫೆಮಾ ಕೊಟ್ಟ ಇಕ್ಕಟ್ಟಿನ ಟ್ರೇಲರ್‌ಗಳಲ್ಲಿ ಇದೇ ಕುಟುಂಬ ಹೇಗೆ ಸೊರಗಿತು ಎಂದು ತೋರಿಸುತ್ತಾರೆ. ಸಂತ್ರಸ್ತ ಎಂದರೆ ಒಂಟಿ ವ್ಯಕ್ತಿ ಅಥವಾ ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಂದುಕೊಂಡ ಆಡಳಿತಕ್ಕೆ ಕೂಡುಕುಟುಂಬ ಅರ್ಥವೇ ಆಗಲಿಲ್ಲ ಎಂಬುದು ಅವರ ವಾದ.

ವಾದ ಸರಿ, ಆದರೆ ಅರ್ಧ. ಬ್ರೌನ್ ಅವರ ಒತ್ತು ಸಂಸ್ಕೃತಿಯ ಮೇಲಿದೆ; ಅಧಿಕಾರಿಗಳಿಗೆ ಸ್ಥಳೀಯ ಬದುಕಿನ ತಿಳಿವಳಿಕೆ ಇದ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂಬ ಕಡೆಗೆ ಅದು ವಾಲುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಇನ್ನೂ ಒರಟಾದದ್ದು: ಆ ಸಾರಿಗೆ ದುಡ್ಡು ಕೊಟ್ಟವರು ಯಾರು? ನೀರಿನ ಬಿಲ್ಲು, ಕರೆಂಟಿನ ಬಿಲ್ಲು, ಕಾರಿನ ಪೆಟ್ರೋಲು ಯಾರ ತಲೆಗೆ ಬಂತು? ಅಕ್ಕರೆಯನ್ನು ಅರ್ಥ ಮಾಡಿಕೊಂಡ ಅಧಿಕಾರಿ ಅಕ್ಕರೆಗೆ ತಗಲುವ ಖರ್ಚನ್ನು ಭರಿಸುತ್ತಾನೆ ಎಂದೇನೂ ಇಲ್ಲ. ಈ ಕುಟುಂಬ ಹೇಗೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತದೆ, ನಮಗೇನು ಕೆಲಸ ಎಂದು ಕೈ ತೊಳೆದುಕೊಳ್ಳಲೂ ಅದೇ ತಿಳಿವಳಿಕೆ ಸಾಕು.

ಈ ವ್ಯವಸ್ಥೆಯ ಮೊದಲ ದೋಷ ಇಲ್ಲಿದೆ. ನೆಂಟರ ಮನೆ ಎಲ್ಲರಿಗೂ ಒಂದೇ ಅಳತೆಯದಲ್ಲ. ಉಳ್ಳವರ ನೆಂಟರು ಸಾಮಾನ್ಯವಾಗಿ ಉಳ್ಳವರು. ಅವರ ಮನೆಯಲ್ಲಿ ಅತಿಥಿಗೆಂದೇ ಒಂದು ಕೋಣೆ. ಬಡವರ ನೆಂಟರು ಬಡವರು. ಎರಡು ಕೋಣೆಯ ಬಾಡಿಗೆ ಮನೆಗೆ ಇನ್ನೂ ಆರು ಜನ. ಅಲ್ಲಿನ ಬಾಡಿಗೆ ಕರಾರುಗಳಲ್ಲಿ ಅತಿಥಿ ಎಷ್ಟು ದಿನ ಇರಬಹುದೆಂಬ ಷರತ್ತು ಸಾಮಾನ್ಯ. ಸರ್ಕಾರಿ ಸಹಾಯಧನದ ಮನೆಗಳಲ್ಲಂತೂ ಅದು ಇನ್ನೂ ಬಿಗಿ. ಮನೆ ಕಳೆದುಕೊಂಡ ತಂಗಿಯನ್ನು ಉಳಿಸಿಕೊಂಡ ಅಕ್ಕ ತನ್ನ ಮನೆಯನ್ನೇ ಪಣಕ್ಕಿಟ್ಟಂತೆ.

ಅದಕ್ಕೂ ಮೊದಲು ಅಲ್ಲಿಗೆ ತಲುಪಬೇಕಲ್ಲ. ಟಿಯಾ ಲೆಸಿನ್ ಮತ್ತು ಕಾರ್ಲ್ ಡೀಲ್ ಅವರ 'ಟ್ರಬಲ್ ದ ವಾಟರ್' (2008) ಸಾಕ್ಷ್ಯಚಿತ್ರ ಇದನ್ನು ಭಾಷಣವಿಲ್ಲದೆ ಹೇಳುತ್ತದೆ. ನ್ಯೂ ಆರ್ಲಿಯನ್ಸಿನ ಒಂಬತ್ತನೇ ವಾರ್ಡಿನ ಕಿಂಬರ್ಲಿ ರಾಬರ್ಟ್ಸ್ ಮತ್ತು ಸ್ಕಾಟ್ ರಾಬರ್ಟ್ಸ್ ದಂಪತಿ ಊರು ಬಿಡಲಿಲ್ಲ, ಯಾಕೆಂದರೆ ಅವರ ಬಳಿ ಕಾರಿರಲಿಲ್ಲ. ನೀರು ಏರಿದಂತೆ ಅಟ್ಟ ಹತ್ತಿ, ಅದನ್ನೆಲ್ಲ ಕೈಯಲ್ಲಿದ್ದ ಸಣ್ಣ ಕ್ಯಾಮೆರಾದಲ್ಲಿ ಸೆರೆಹಿಡಿದರು. ಮೆಂಫಿಸ್‌ನಲ್ಲಿದ್ದ ಬಂಧುಗಳ ಮನೆ ಅವರಿಗೆ ಸಿಕ್ಕಿದ್ದು ಎಲ್ಲ ಮುಳುಗಿದ ಮೇಲೆ. ರ‍್ಯಾಪ್ ಹಾಡುಗಾರ್ತಿಯಾದ ಕಿಂಬರ್ಲಿ ತನ್ನ ಹಾಡುಗಳೂ ನೀರುಪಾಲಾದವು ಎಂದುಕೊಂಡಿದ್ದಳು. ಅವುಗಳ ಒಂದು ಪ್ರತಿ ಆ ಬಂಧುಗಳ ಬಳಿ ಉಳಿದಿತ್ತು. ದೂರದ ನೆಂಟ ಎಷ್ಟು ದೊಡ್ಡ ಆಸ್ತಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಆಸ್ತಿಯನ್ನು ಬಳಸಿಕೊಳ್ಳಲು ವಾಹನ ಬೇಕು, ದಾರಿಖರ್ಚು ಬೇಕು. ಅವರಿಬ್ಬರಿಗಿದ್ದಂಥ ದೂರದ ನೆಂಟರೂ ಇಲ್ಲದೆ ಬಳಗವೆಲ್ಲ ಊರಲ್ಲೇ ಬೇರುಬಿಟ್ಟವರು ಅನೇಕರು. ಅವರ ನೆಂಟರು ಅದೇ ನೀರಿನಲ್ಲಿ ಮುಳುಗಿದ್ದರು.

ಹತ್ತಿರದ ನೆಂಟರನ್ನು ನೆಚ್ಚಿಕೊಂಡರೆ ಇನ್ನೊಂದು ಅಪಾಯವಿದೆ ಎಂದು ಅದೇ ವರ್ಷ ರೀಟಾ ಚಂಡಮಾರುತ ತೋರಿಸಿತು. ಕತ್ರಿನಾ ಬಡಿದು ನಾಲ್ಕು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 24ರಂದು, ರೀಟಾ ಟೆಕ್ಸಾಸ್–ಲೂಸಿಯಾನಾ ಗಡಿಯಲ್ಲಿ ದಡ ಮುಟ್ಟಿತು. ಅದಕ್ಕೆ ಹೆದರಿ ಹ್ಯೂಸ್ಟನ್ ಪ್ರದೇಶದಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಹೊರಟರು. ಆಸರೆ ಕೊಟ್ಟವರೂ ಆಸರೆ ಪಡೆದವರೂ ಒಂದೇ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ನಿಂತರು. ಆ ಪ್ರಯಾಣದಲ್ಲೇ ಬಿಸಿಲಿಗೆ, ಅಪಘಾತಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು. ಡಲ್ಲಾಸ್ ಹತ್ತಿರ ವೃದ್ಧಾಶ್ರಮದ ಬಸ್ಸಿಗೆ ಬೆಂಕಿ ಬಿದ್ದು 23 ಮಂದಿ ಮುದುಕರು ತೀರಿಕೊಂಡರು.

ಎರಡನೆಯ ದೋಷ ಎಣಿಕೆಯದು. ಮಂಚದ ಮೇಲೆ ಮಲಗಿದವನನ್ನು ಎಣಿಸಬಹುದು, ಸೋಫಾದ ಮೇಲೆ ಮಲಗಿದವಳು ಯಾರ ಪಟ್ಟಿಯಲ್ಲೂ ಇಲ್ಲ. ಫೆಮಾ ಕತ್ರಿನಾ ನಂತರವೂ ಒಂದು ಮನೆಗೆ ಒಂದೇ ಅರ್ಜಿ ಎಂಬ ನಿಯಮ ಇಟ್ಟುಕೊಂಡಿತ್ತು. ಒಂದೇ ಸೂರಿನ ಕೆಳಗಿದ್ದ ಅಜ್ಜಿ ಹ್ಯೂಸ್ಟನ್ನಿನಲ್ಲಿ, ಮಗ ಅಟ್ಲಾಂಟಾದಲ್ಲಿ, ಮೊಮ್ಮಗಳು ಮೆಂಫಿಸ್‌ನಲ್ಲಿ ಬೇರೆ ಬೇರೆ ಮನೆ ಸೇರಿದ್ದರೂ ಕಾಗದದ ಮೇಲೆ ಅವರು ಒಂದೇ ಮನೆಯವರು. ಮೊದಲು ಅರ್ಜಿ ಹಾಕಿದವರಿಗೆ ಹಣ, ಮಿಕ್ಕವರಿಗೆ ನಿರಾಕರಣೆ. ಇದು ನ್ಯೂ ಆರ್ಲಿಯನ್ಸಿನ ನ್ಯಾಯಾಲಯದವರೆಗೆ ಹೋಯಿತು. ಮನೆ ನೀರಲ್ಲಿ ಹೋದ ಮೇಲೂ ಸರ್ಕಾರ ಮನುಷ್ಯರನ್ನು ಬಿಟ್ಟು ವಿಳಾಸವನ್ನೇ ನಂಬಿತ್ತು. ಸಾರಾ ಬ್ರೂಮ್ ಅವರ 'ದ ಯೆಲ್ಲೋ ಹೌಸ್' ಆತ್ಮಕಥನ (2019ರ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಪಡೆದದ್ದು) ಇದರ ಪರಮಾವಧಿಯನ್ನು ದಾಖಲಿಸುತ್ತದೆ. ಅವರ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಬೇರೆ ಬೇರೆ ರಾಜ್ಯಗಳಿಗೆ ಚದುರಿದ್ದಾಗ, ಮನೆಯನ್ನು ಕೆಡವುತ್ತೇವೆ ಎಂಬ ನಗರಾಡಳಿತದ ನೋಟಿಸು ಬಂದಿದ್ದು ಆ ಪಾಳುಮನೆಯ ಅಂಚೆ ಡಬ್ಬಿಗೇ.

ಎಣಿಕೆಯ ಈ ಅಸಂಗತತೆ ಇನ್ನೂ ಮುಂದಕ್ಕೆ ಹೋಗುತ್ತದೆ. ನೆಲೆ ಇಲ್ಲದವರಿಗಾಗಿ ಇರುವ ಮೆಕಿನ್ನಿ–ವೆಂಟೊ ಕಾನೂನಿನ ಪ್ರಕಾರ, ಮನೆ ಕಳೆದುಕೊಂಡು ಬೇರೆಯವರ ಮನೆಯಲ್ಲಿ ಉಳಿದ ಮಗುವನ್ನು ಶಿಕ್ಷಣ ಇಲಾಖೆ ಮನೆಯಿಲ್ಲದ ಮಗು ಎಂದೇ ಗಣಿಸುತ್ತದೆ. ದಾಖಲೆ ಪತ್ರ ಇಲ್ಲದಿದ್ದರೂ ಶಾಲೆ ಸೇರಿಸಿಕೊಳ್ಳಲೇಬೇಕು. ಕೇಂದ್ರ ವಸತಿ ಇಲಾಖೆ ಮಾತ್ರ ಅಂಥವರನ್ನು ಸಾಮಾನ್ಯವಾಗಿ ಮನೆಯಿಲ್ಲದವರ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಂದರೆ ಚಿಕ್ಕಮ್ಮನ ಮನೆಯ ನೆಲದ ಮೇಲೆ ಒಂದೇ ಹೊದಿಕೆಯಲ್ಲಿ ಮಲಗಿದ ತಾಯಿ ಮಗುವಿನಲ್ಲಿ ಮಗುವಿಗೆ ಮನೆಯಿಲ್ಲ, ತಾಯಿಗೆ ಇದೆ! ನೆಂಟರ ಮನೆ ಸೇರಿದ ಕ್ಷಣವೇ ಸಂತ್ರಸ್ತೆಯ ಸಮಸ್ಯೆ ಬಗೆಹರಿಯಿತು ಎಂಬ ಆಡಳಿತದ ನಂಬಿಕೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಅಪರಿಚಿತರ ಮನೆಗಳು ಈ ಕೊರತೆ ತುಂಬಬಲ್ಲವೇ? ಕತ್ರಿನಾ ನಂತರ ಮೂವ್‌ಆನ್ ಸಂಘಟನೆ ಅಂತರ್ಜಾಲದಲ್ಲಿ ಕರೆ ಕೊಟ್ಟಾಗ ದೇಶದ ಉದ್ದಗಲದಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಹಾಸಿಗೆಗಳ ಕೊಡುಗೆ ಬಂತು. ಅದರಿಂದ ನೆಲೆ ಸಿಕ್ಕಿದ್ದು ಸುಮಾರು 30,000 ಜನಕ್ಕೆ. ಔದಾರ್ಯಕ್ಕೇನೂ ಬರ ಇರಲಿಲ್ಲ. ಆದರೆ ಸಾವಿರ ಮೈಲಿ ದೂರದ ಹಾಸಿಗೆ ಊರಿಗೆ ಮರಳಬೇಕೆಂಬವನಿಗೆ ಉಪಯೋಗಕ್ಕಿಲ್ಲ. ಬೇರೆ ಕೆಲವು ಜಾಲತಾಣಗಳಲ್ಲಿ ಬಿಳಿಯರಿಗೆ ಮಾತ್ರ ಎಂಬರ್ಥದ ಜಾಹೀರಾತುಗಳೂ ಕಾಣಿಸಿಕೊಂಡವು. ವಸತಿ ಹಕ್ಕಿನ ಸಂಘಟನೆಯೊಂದು ಅವುಗಳ ಮೇಲೆ ಸರ್ಕಾರಕ್ಕೆ ದೂರು ಕೊಡಬೇಕಾಯಿತು. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿದಾಗ ಏರ್‌ಬಿಎನ್‌ಬಿಯ ಸುಮಾರು 1,400 ಮನೆಯವರು ಬಾಡಿಗೆ ಇಲ್ಲದೆ ಕೋಣೆ ಕೊಟ್ಟರು. ಕಂಪನಿ ಅದನ್ನೇ ಒಂದು ಕಾಯಂ ಏರ್ಪಾಡಾಗಿ ಬೆಳೆಸಿತು. ಆ ಕೆಲವು ರಾತ್ರಿಗಳ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಯಾರನ್ನು ಒಳಗೆ ಕರೆಯಬೇಕೆಂಬ ಆಯ್ಕೆ ಪೂರ್ತಿ ಮನೆಯವರದ್ದಾದಾಗ ಅದು ದಯೆಯಾಗಿಯೇ ಉಳಿಯುತ್ತದೆ, ಹಕ್ಕಾಗುವುದಿಲ್ಲ. ಇದಕ್ಕೆ ಹೋಲಿಸಿದರೆ ಕತ್ರಿನಾ ಸಮಯದಲ್ಲಿ ಹ್ಯೂಸ್ಟನ್ ಮೇಯರ್ ಆಗಿದ್ದ ಬಿಲ್ ವೈಟ್ ಹಿಡಿದ ದಾರಿ ಹೆಚ್ಚು ಗಟ್ಟಿ. ಕ್ರೀಡಾಂಗಣವನ್ನು ಕೆಲವೇ ವಾರಗಳಲ್ಲಿ ಖಾಲಿ ಮಾಡಿಸಿ, ಸಾರ್ವಜನಿಕ ಹಣದಿಂದ ಬಾಡಿಗೆ ಚೀಟಿ ಕೊಟ್ಟು, ಸಾವಿರಾರು ಕುಟುಂಬಗಳನ್ನು ಅಪಾರ್ಟ್‌ಮೆಂಟ್‌ಗಳಿಗೆ ಸೇರಿಸಿದರು. ಬೀಗದ ಕೈ ತಮ್ಮದೇ ಕೈಗೆ ಬಂದ ಮೇಲೆ ಅವರು ಯಾರ ಅತಿಥಿಯೂ ಆಗಿರಬೇಕಿರಲಿಲ್ಲ.

ಮೂರನೆಯ ದೋಷ ಹೇಳಿಕೊಳ್ಳಲಾಗದ್ದು. ಅತಿಥಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕಿಲ್ಲ. ಮನೆ ಹೋಗಿದೆ, ಕೆಲಸ ಹೋಗಿದೆ, ಆದರೂ ಬೆಳಿಗ್ಗೆ ಎದ್ದು ನಗುಮುಖದಿಂದ ಪಾತ್ರೆ ತೊಳೆಯಬೇಕು, ಮಕ್ಕಳ ಗದ್ದಲಕ್ಕೆ ಕ್ಷಮೆ ಕೇಳಬೇಕು. ಮನೆಯವರಿಗೂ ಯಾವಾಗ ಹೋಗುತ್ತೀರಿ ಎಂದು ಕೇಳುವ ಬಾಯಿಲ್ಲ. ಈ ದುಡಿಮೆಯ ದೊಡ್ಡ ಪಾಲು ಎರಡೂ ಕಡೆ ಹೆಂಗಸರದ್ದೇ. ನಿಜವಾಗಿ ಉತ್ತರ ಹೇಳಬೇಕಾದವರು ಆ ಮನೆಯಲ್ಲಿ ಇಲ್ಲದಿರುವುದರಿಂದ, ಅವರ ಮೇಲಿನ ಸಿಟ್ಟು ಅಕ್ಕತಂಗಿಯರ ನಡುವೆ ಸಿಡಿಯುತ್ತದೆ. ಒಡೆದ ಒಡ್ಡು, ತಡವಾದ ಪರಿಹಾರ, ತಿರಸ್ಕೃತ ಅರ್ಜಿ ಎಲ್ಲವೂ ಕೊನೆಗೆ ಬಚ್ಚಲಮನೆ ಯಾರು ಮೊದಲು ಬಳಸಬೇಕೆಂಬ ಜಗಳವಾಗಿ ಇಳಿಯುತ್ತದೆ.

2024ರ ಮಾರ್ಚಿನಲ್ಲಿ ಫೆಮಾ ತನ್ನ ನಿಯಮಗಳನ್ನು ಬದಲಾಯಿಸಿ ನೆಲೆ ತಪ್ಪಿದವರಿಗೆಂದೇ ಹೊಸ ನೆರವೊಂದನ್ನು ಸೇರಿಸಿತು. ಮನೆಗೆ ಮರಳಲಾಗದವರು ಅದನ್ನು ಹೋಟೆಲಿಗೂ ಬಳಸಬಹುದು, ಬಂಧುಗಳ ಅಥವಾ ಸ್ನೇಹಿತರ ಮನೆಯಲ್ಲಿ ಉಳಿಯುವ ಖರ್ಚಿಗೂ ಬಳಸಬಹುದು. ಅದೇ ವರ್ಷ ಹೆಲೀನ್, ಮಿಲ್ಟನ್ ಚಂಡಮಾರುತಗಳಲ್ಲಿ ಇದು ಬಳಕೆಗೆ ಬಂತು. ಕತ್ರಿನಾ ಆಗಿ ಹತ್ತೊಂಬತ್ತು ವರ್ಷಕ್ಕೆ ಸರ್ಕಾರ ನೆಂಟರ ಮನೆಗೂ ಖರ್ಚಿದೆ ಎಂದು ಒಪ್ಪಿಕೊಂಡಿತು. ಹಣ ಸಂತ್ರಸ್ತರ ಕೈಗೇ ಹೋಗುವುದು ಈ ಬದಲಾವಣೆಯ ಒಳ್ಳೆಯ ಅಂಶ. ತಿಂಗಳ ದಿನಸಿಗೆ ತಾನೇ ದುಡ್ಡು ಕೊಡಬಲ್ಲ ತಂಗಿ ಅಕ್ಕನ ಮನೆಯಲ್ಲಿ ತಲೆಯೆತ್ತಿ ಮಾತಾಡಬಲ್ಲಳು. ಕೊರತೆ ಏನೆಂದರೆ ಇದು ಆರಂಭದ ದಿನಗಳ ನೆರವು. ನೆಂಟಸ್ತಿಕೆ ಸವೆಯುವುದು ಆಮೇಲೆ. ಬಾಗಿಲು ತೆರೆದ ಮನೆಯವರಿಗೆ ಬಾಡಿಗೆ ಕರಾರಿನಿಂದ ರಕ್ಷಣೆ ಕೊಡುವ ಮಾತು ಅದರಲ್ಲಿಲ್ಲ.

ಆದ್ದರಿಂದ ಇನ್ನು ಮುಂದೆ ಚಂಡಮಾರುತ ಬಂದಾಗ ಎಷ್ಟು ಮನೆಗಳು ಬಾಗಿಲು ತೆರೆದವು ಎಂಬುದನ್ನು ಅಳತೆಗೋಲು ಮಾಡಿಕೊಳ್ಳಬಾರದು. ಅವು ತೆರೆಯುತ್ತವೆ, ಬಂಧುಗಳು ಆ ಪರೀಕ್ಷೆಯಲ್ಲಿ ಯಾವತ್ತೋ ಪಾಸಾಗಿದ್ದಾರೆ. ಬಂದವರಿಗೆ ಎಷ್ಟು ಬೇಗ ತಮ್ಮಿಷ್ಟದಂತೆ ಹೊರಡಲು ಸಾಧ್ಯವಾಯಿತು, ಉಳಿಸಿಕೊಂಡವರು ಸಾಲ ಮಾಡದೆ ಉಳಿದರೇ ಎಂಬ ಎರಡು ಪ್ರಶ್ನೆಗಳನ್ನು ಸರ್ಕಾರಕ್ಕೆ ಕೇಳಬೇಕು. ಅವಕ್ಕೆ ಲೆಕ್ಕ ಸಮೇತ ಉತ್ತರ ಕೊಡಲಾಗದ ಆಡಳಿತಕ್ಕೆ ಜನರ ಔದಾರ್ಯವನ್ನು ಕೊಂಡಾಡುವ ಯೋಗ್ಯತೆಯೂ ಇಲ್ಲ.