ರಾಗಿಯ ತಿಳಿ, ರಾಗಿಯ ಗಸಿ

ಮನೆಯಲ್ಲೇ ಬಿಯರ್ ಮಾಡುವುದನ್ನು ಕಲಿಯಬೇಕು ಎನ್ನುವವರು ಮೊದಲು ವಿಚಾರಿಸುವುದು ಯೀಸ್ಟ್ ಎಲ್ಲಿ ಸಿಗುತ್ತದೆ ಎಂದು. ನಾನು ಅವರನ್ನು ಕೇಳುವುದು ಒಂದೇ ಪ್ರಶ್ನೆ: ಕಾಳಿಗೆ ಮೊಳಕೆ ಕಟ್ಟಲು ಬರುತ್ತದೆಯೇ? ಬಿಯರಿನ ಬಣ್ಣ, ಸಿಹಿ, ಮೈಕಟ್ಟು ಬಹುಮಟ್ಟಿಗೆ ತೀರ್ಮಾನವಾಗುವುದು ಕಾಳು ಮೊಳೆತು, ಒಣಗಿ, ಬಿಸಿನೀರಿಗೆ ಬೀಳುವ ಹೊತ್ತಿಗೆ. ಈ ಅರ್ಧ ವಿದ್ಯೆಯನ್ನು ಅರಸೀಕೆರೆಯ ಯಾವ ಅಡುಗೆಮನೆಯಲ್ಲಾದರೂ ಕಲಿಯಬಹುದು. ಉಳಿದರ್ಧಕ್ಕೆ ಕಾನೂನಿನ ತಡೆಯಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ತೆಂಗಿನ ಸೀಮೆಯಲ್ಲಿದ್ದುಕೊಂಡು ನೀರಾ ಇಳಿಸಬೇಕೆಂದರೂ ಪರವಾನಗಿ ಬೇಕು. ಹಾಗಾಗಿ ಇಲ್ಲಿ ಬರೆದಿರುವುದು ಯೀಸ್ಟ್ ಮುಟ್ಟದೆ ಎಷ್ಟು ದೂರ ಹೋಗಬಹುದೋ ಅಷ್ಟು ದೂರದ ದಾರಿ. ಅದು ಸಣ್ಣ ದಾರಿಯಲ್ಲ.

ಬಾರ್ಲಿ ಹುಡುಕಿಕೊಂಡು ಹೋಗಬೇಡಿ. ನಮ್ಮ ಹೊಲದ ರಾಗಿಯೇ ಮಾಲ್ಟಿಗೆ ಹೇಳಿ ಮಾಡಿಸಿದ ಕಾಳು. ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದ ಈ ಧಾನ್ಯವನ್ನು ಉಗಾಂಡದವರು ಮೊಳಕೆ ಕಟ್ಟಿ ಬಿಯರ್ ಮಾಡಿ, ದೊಡ್ಡ ಮಡಕೆಯ ಸುತ್ತ ಕೂತು ಉದ್ದನೆಯ ಕೊಳವೆಗಳಲ್ಲಿ ಹೀರುತ್ತಾರೆ. ನೇಪಾಳದ ಪೂರ್ವ ಭಾಗದಲ್ಲಿ ಹುಳಿಸಿದ ರಾಗಿಯ ಮೇಲೆ ಬಿಸಿನೀರು ಹೊಯ್ದು ಕುಡಿಯುವ ತೋಂಗ್ಬಾ ಇದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ನಮ್ಮ ಸಿರಿಧಾನ್ಯಗಳನ್ನೆಲ್ಲ ಹೋಲಿಸಿ ನೋಡಿದಾಗ ಮಾಲ್ಟಿಗೆ ರಾಗಿಯೇ ಮುಂದೆ ನಿಂತಿತು. ಮೊಳೆತ ರಾಗಿಯಲ್ಲಿ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಅಮೈಲೇಸ್ ಎಂಬ ಕಿಣ್ವ ಧಾರಾಳವಾಗಿರುತ್ತದೆ. ಮೊಳಕೆ ಕಟ್ಟಿದ ಸರಿಹಿಟ್ಟು ಮಗುವಿನ ಬಟ್ಟಲಲ್ಲಿ ಗಟ್ಟಿಯಾಗದೆ ತೆಳ್ಳಗೆ ಉಳಿಯುವುದೂ ಇದರಿಂದಲೇ.

ಕಾಳಿನ ಆಯ್ಕೆಯಲ್ಲಿ ನಾನು ತುಸು ಹಟಮಾರಿ. ಹಗೇವಿನಲ್ಲಿ ವರ್ಷಗಟ್ಟಲೆ ಕೂತ ರಾಗಿ ಮುದ್ದೆಗೆ ಚೆನ್ನ, ಮಾಲ್ಟಿಗೆ ಬೇಡ. ಮೊಳೆಯುವ ಶಕ್ತಿ ಅದರಲ್ಲಿ ಕುಗ್ಗಿರುತ್ತದೆ. ಹಿಂದಿನ ಸುಗ್ಗಿಯದು, ಕಣ ಬಿಟ್ಟು ಒಂದೆರಡು ತಿಂಗಳು ಕಳೆದದ್ದು ಸಿಕ್ಕರೆ ಅದನ್ನೇ ತನ್ನಿ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ತೊಂಬತ್ತಾದರೂ ಮೊಳೆಯದಿದ್ದರೆ ಆ ಚೀಲವನ್ನು ಹಿಟ್ಟಿಗೆ ಕಳಿಸಿ. ತಳಿ ಕೇಳಿಕೊಂಡು ಕೊಳ್ಳುವವರು ಕಡಿಮೆ, ಆದರೆ ಕೇಳಬೇಕು. ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ ಲಕ್ಷ್ಮಣಯ್ಯ’ನವರ ಮಂಡ್ಯದ ವಿ.ಸಿ. ಫಾರಂನಿಂದಲೇ ಈಚೆಗೆ ಕೆಎಂಆರ್-340 ಎಂಬ ಬಿಳಿ ರಾಗಿ ಬಂದಿದೆ. ಅದರಲ್ಲಿ ಒಗರು ಕಡಿಮೆ, ರಸ ತಿಳಿಬಣ್ಣ. ಕೆಂಪು ರಾಗಿಯ ಒಗರು ಬೂಷ್ಟನ್ನು ದೂರವಿಡುತ್ತದೆ. ಹೊಸಬರಿಗೆ ಕೆಂಪೇ ಸರಿ.

ಒಂದು ಸೇರು ರಾಗಿ ತೊಳೆದು, ತೇಲಿದ ಜೊಳ್ಳು ತೆಗೆದು, ಒಂದು ರಾತ್ರಿ ನೆನೆಸಿ. ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಇಡಿ. ಹೊತ್ತಿಗೊಮ್ಮೆ ಬಿಚ್ಚಿ, ನೀರು ಚಿಮುಕಿಸಿ, ಕೈಯಾಡಿಸಿ ಮತ್ತೆ ಕಟ್ಟಿ. ಬಿಡಿಸಿದಾಗ ಸೌತೆಕಾಯಿ ಹೆಚ್ಚಿದಂಥ ಹಸಿ ವಾಸನೆ ಬಂದರೆ ಸರಿ; ಮುಗ್ಗಲು ವಾಸನೆ ಬಂದರೆ ಹಿಂದುಮುಂದು ನೋಡದೆ ತಿಪ್ಪೆಗೆ ಹಾಕಿ. ಇನ್ನು ಒಣಗಿಸುವುದು. ಇಲ್ಲಿ ಊರು ಲೆಕ್ಕಕ್ಕೆ ಬರುತ್ತದೆ. ಅರಸೀಕೆರೆಯಿಂದ ಹಳೇಬೀಡು ದಾಟಿ ಬೇಲೂರಿಗೆ ಅರ್ಧ ದಿನದಲ್ಲಿ ಹೋಗಿ ಬರಬಹುದು, ಗಾಳಿ ಮಾತ್ರ ಬೇರೆಯೇ. ಅರಸೀಕೆರೆಯ ಮಾಳಿಗೆಯ ಮೇಲೆ ಮಾಘದ ಬಿಸಿಲಿಗೆ ಹರಡಿದರೆ ಮೊಳಕೆ ಬೇಗ ಗರಿಗರಿಯಾಗುತ್ತದೆ. ಮಲೆನಾಡಿನ ಅಂಚಿನ ಬೇಲೂರಿನಲ್ಲಿ ಆಷಾಢದ ಜಡಿಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ಹಳೇಬೀಡಿನವರು ಮಳೆಗಾಲ ಪೂರ್ತಿ ಹಿಂದೆಗೆಯುವವರೆಗೆ ಕಾಯುವುದು ಲೇಸು. ಒಣಗಿದ್ದನ್ನು ಅಂಗೈಯಲ್ಲಿ ತಿಕ್ಕಿ ಬೇರು ಉದುರಿಸಿ, ಮೊರದಲ್ಲಿ ಕೇರಿ, ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಿ. ಹಿಟ್ಟು ಬಿಸಿಯೇರಬಾರದು. ಅಂಗಡಿಯ ‘ರಾಗಿ ಮಾಲ್ಟ್’ ಪೊಟ್ಟಣ ಇದಕ್ಕೆ ಒದಗದು, ಹಲವದರಲ್ಲಿ ಸಕ್ಕರೆ, ಹಾಲಿನ ಪುಡಿ ಬೆರೆತಿರುತ್ತದೆ. ಅರಳು ಹುರಿದು ಮಾಡಿದ ಹುರಿಹಿಟ್ಟಿನಲ್ಲಿ ಕಿಣ್ವವೇ ಇರುವುದಿಲ್ಲ.

ಇನ್ನು ಮುಂದಿನದು ನನಗೆ ಎಲ್ಲಕ್ಕಿಂತ ಪ್ರಿಯವಾದ ಹಂತ. ಬಾರ್ಲಿ ಮಾಲ್ಟನ್ನು 65 ಡಿಗ್ರಿ ಬಿಸಿನೀರಿಗೆ ಹಾಕಿ ಒಂದು ಗಂಟೆ ಮುಚ್ಚಿಟ್ಟರೆ ಸಾಕು, ರಸ ಸಿಹಿಯಾಗುತ್ತದೆ. ರಾಗಿ ಅಷ್ಟು ಸುಲಭಕ್ಕೆ ಬಗ್ಗದು. ಅದರ ಪಿಷ್ಟ ಅರಳಬೇಕಾದರೆ ಇನ್ನೂ ಹೆಚ್ಚಿನ ಬಿಸಿ ಬೇಕು, ಆ ಬಿಸಿಗೆ ಕಿಣ್ವ ಸಾಯುತ್ತದೆ. ಎರಡನ್ನೂ ಉಳಿಸಿಕೊಳ್ಳುವ ಉಪಾಯ ಹೀಗಿದೆ. ಕಾಲು ಕಿಲೋ ಮಾಲ್ಟ್ ಹಿಟ್ಟನ್ನು ಒಂದೂವರೆ ಲೀಟರ್ ತಣ್ಣೀರಿನಲ್ಲಿ ಕದಡಿ ಅರ್ಧ ಗಂಟೆ ಬಿಡಿ. ಮೇಲೆ ನಿಂತ ತಿಳಿಯಲ್ಲಿ 400 ಮಿ.ಲೀ.ನಷ್ಟು ಮೆಲ್ಲಗೆ ಬಗ್ಗಿಸಿ ಬೇರೆ ಇಡಿ. ಕಿಣ್ವ ಕರಗಿರುವುದು ಅದರಲ್ಲೇ. ಉಳಿದ ನೀರನ್ನೂ ಗಸಿಯನ್ನೂ ಒಲೆಗಿಟ್ಟು ಹತ್ತು ನಿಮಿಷ ಕುದಿಸಿ. ಸೌಟಿಗೆ ಅಂಟುವಂಥ ಗಂಜಿಯಾಗುತ್ತದೆ. ಇಳಿಸಿ, 80 ಡಿಗ್ರಿಗೆ ಬಂದ ಮೇಲೆ ತಿಳಿಯನ್ನು ಹೊಯ್ಯುತ್ತ ಬೇಗಬೇಗ ತಿರುವಿ. 65ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇದಕ್ಕೊಂದು ಥರ್ಮಾಮೀಟರ್ ಬೇಕೇಬೇಕು, ಈ ಬಿಸಿಗೆ ಬೆರಳದ್ದಿ ನೋಡಿದರೆ ಸುಡುತ್ತದೆ.

ಈಗ ಸೌಟನ್ನು ಬಿಡದೆ ಗಮನಿಸಿ. ಆಗಷ್ಟೇ ಭಾರವಾಗಿ ತಿರುಗುತ್ತಿದ್ದ ಗಂಜಿ ಕೆಲವೇ ನಿಮಿಷಗಳಲ್ಲಿ ಸಡಿಲವಾಗಿ, ಸೌಟಿನಿಂದ ದಾರವಾಗಿ ಇಳಿದು, ಆಮೇಲೆ ಹನಿಯಾಗಿ ತೊಟ್ಟಿಕ್ಕುತ್ತದೆ. ಒಂದು ತೊಟ್ಟು ನೀರನ್ನೂ ಹೆಚ್ಚಿಗೆ ಹಾಕಿರುವುದಿಲ್ಲ. ಪಿಷ್ಟದ ಉದ್ದನೆಯ ಸರಪಳಿ ಕಣ್ಣೆದುರೇ ಕಡಿದುಬೀಳುತ್ತಿರುತ್ತದೆ. ಬಟ್ಟೆ ಸುತ್ತಿ ಒಂದು ಗಂಟೆ ಇಡಿ. ಬಳಿಕ ಒಂದು ಚಮಚ ರಸವನ್ನು ಬಿಳಿ ತಟ್ಟೆಗೆ ಹಾಕಿ, ತಣಿದ ಮೇಲೆ ಔಷಧದಂಗಡಿಯ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ, ಕಂದಾಗಿಯೇ ಇದ್ದರೆ ಕೆಲಸ ಮುಗಿದಿದೆ. ಆ ಚಮಚದ್ದನ್ನು ಚೆಲ್ಲಿಬಿಡಿ. ಪಾತ್ರೆಯದನ್ನು ಸೋಸಿ ನಾಲಿಗೆಗೆ ಹಚ್ಚಿ ನೋಡಿ: ಸಕ್ಕರೆ ಕಾಣದ ರಸದಲ್ಲಿ ಹದವಾದ ಸಿಹಿ, ಹಿಂದೆಯೇ ಹುರಿದ ಕಾಳಿನ ಘಮ, ಕೊನೆಯಲ್ಲಿ ಚೂರು ಒಗರು.

ಬಿಯರಿನವರು ಈ ರಸಕ್ಕೆ ಕಹಿ ಕೊಡಲು ಹಾಪ್ಸ್ ಹಾಕಿ ಕುದಿಸುತ್ತಾರೆ. ನಮ್ಮ ದೇಶದಲ್ಲಿ ಅದು ಬೆಳೆಯುವುದು ದೂರದ ಲಾಹೌಲ್ ಕಣಿವೆಯಲ್ಲಿ. ಹಾಸನ ಜಿಲ್ಲೆಯ ಹಸಿಶುಂಠಿ ಜಜ್ಜಿ ಹಾಕಿದರೆ ನನಗೆ ಸಾಕು. ಕಾಲು ಗಂಟೆ ಕುದಿಸಿ, ಪೂರ್ತಿ ಆರಿಸಿ, ಎರಡು ಚಮಚ ಒಳ್ಳೆಯ ಮಜ್ಜಿಗೆ ಬೆರೆಸಿ ರಾತ್ರಿ ಮುಚ್ಚಿಡಿ. ಬೆಳಿಗ್ಗೆಗೆ ಹುಳಿಸಿಹಿಯ, ಅಂಬಲಿಗಿಂತ ತೆಳುವಾದ ಪಾನೀಯ ಸಿದ್ಧ. ಕೂಡಲೇ ಫ್ರಿಜ್ಜಿಗಿಟ್ಟು ಅಂದೇ ಕುಡಿದು ಮುಗಿಸಿ. ಗಾಜಿನ ಬಾಟಲಿಯಲ್ಲಿ ಬಿಗಿದಿಟ್ಟರೆ ಗಾಳಿಯ ಯೀಸ್ಟ್ ಸೇರಿ ಒತ್ತಡ ಏರುತ್ತದೆ, ಬಾಟಲಿ ಸಿಡಿಯಲೂಬಹುದು.

ಇದು ಕೈಗೆ ಹತ್ತಿದ ಮೇಲೆ ಮಾಲ್ಟನ್ನು ಎರಡು ಪಾಲು ಮಾಡಿ. ಹೆಚ್ಚಿನದನ್ನು ಬಿಸಿಲಲ್ಲಿ ಒಣಗಿದ ಹಾಗೆಯೇ ಇಟ್ಟು, ಸ್ವಲ್ಪವನ್ನು ಬಾಣಲೆಯಲ್ಲಿ ಕಾಫಿಬೀಜದ ಬಣ್ಣ ಬರುವವರೆಗೆ ಹುರಿಯಿರಿ. ಹುರಿದದ್ದರಲ್ಲಿ ಕಿಣ್ವ ಉಳಿಯುವುದಿಲ್ಲ, ಪರಿಮಳವಿರುತ್ತದೆ. ಒಂಬತ್ತು ಪಾಲು ಬಿಸಿಲಿನದಕ್ಕೆ ಒಂದು ಪಾಲು ಹುರಿದದ್ದು ಸೇರಿಸಿ ಮತ್ತೊಮ್ಮೆ ಮಾಡಿ, ಎರಡು ಲೋಟಗಳನ್ನು ಪಕ್ಕಪಕ್ಕ ಇಟ್ಟು ಕುಡಿದು ನೋಡಿ. ಕಪ್ಪು ಬಿಯರನ್ನು ಕಪ್ಪಾಗಿಸುವುದು ಆ ಒಂದು ಪಾಲೇ.