ಕ್ಯಾಲೆಂಡರ್ ನೋಡಿ ಬಾಟಲಿ ತುಂಬಬೇಡಿ

ಮನೆಯಲ್ಲಿ ಮಾಡಿದ ಬಿಯರಿನ ಬಾಟಲಿ ಸಿಡಿದಾಗ ಎಲ್ಲರೂ ಬೆರಳು ತೋರಿಸುವುದು ಪ್ರೈಮಿಂಗ್ ಸಕ್ಕರೆಯ ಕಡೆಗೆ. ಗ್ಯಾಸ್ ಹುಟ್ಟಲೆಂದು ಕೊನೆಯಲ್ಲಿ ಬೆರೆಸುತ್ತಾರಲ್ಲ, ಅದು. ತೂಗದೆ ಚಮಚದಲ್ಲಿ ಸುರಿಯುವವರ ಬಗ್ಗೆ ನನಗೆ ಕನಿಕರವಿಲ್ಲ. ಆದರೆ ಗ್ರಾಂ ಲೆಕ್ಕದಲ್ಲಿ ಹಾಕಿದವರ ಬಾಟಲಿಗಳೂ ಸಿಡಿಯುತ್ತವೆ. ಯೀಸ್ಟ್ ಕೆಲಸ ಮುಗಿಸುವ ಮುನ್ನವೇ ಮುಚ್ಚಳ ಒತ್ತಿಬಿಡುವ ಆತುರವೇ ಅಲ್ಲಿ ಅಸಲಿ ಕಳ್ಳ.

(ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಈ ಮಾತೆಲ್ಲ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಕೃಪೆಯಿಂದ ಅಮೆರಿಕದ ಗ್ಯಾರೇಜುಗಳಲ್ಲಿ ಈ ಹವ್ಯಾಸಕ್ಕೆ ಬಿದ್ದಿರುವ ನಮ್ಮವರಿಗೆ.)

ಲೆಕ್ಕ ನೋಡಿ. ಲೀಟರಿಗೆ 4 ಗ್ರಾಂ ಸಕ್ಕರೆ ಹಾಕಿದರೆ ಸುಮಾರು ಒಂದು ವಾಲ್ಯೂಮ್, ಅಂದರೆ ಬಿಯರಿನಷ್ಟೇ ಗಾತ್ರದ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಆಗಲೇ 0.85ರಷ್ಟು ಉಳಿದಿರುತ್ತದೆ. ಸಾಧಾರಣ ಏಲ್‌ಗೆ 2.4 ಸಾಕು, 19 ಲೀಟರಿಗೆ ಸುಮಾರು 115 ಗ್ರಾಂ ಸಕ್ಕರೆ. ಆದರೆ 1.010ಕ್ಕೆ ಇಳಿಯಬೇಕಾದ ಸಾಂದ್ರತೆ 1.016ರಲ್ಲಿರುವಾಗಲೇ ತುಂಬಿದಿರೆನ್ನಿ. ಉಳಿದ ಆ ಆರು ಪಾಯಿಂಟುಗಳು (0.001ಕ್ಕೆ ಒಂದು ಪಾಯಿಂಟ್) ತಲಾ ಅರ್ಧ ವಾಲ್ಯೂಮಿನಂತೆ ಇನ್ನೂ ಮೂರನ್ನು ಸೇರಿಸುತ್ತವೆ. ಒಟ್ಟು 5.4! ಮಾಮೂಲಿ ಬಿಯರ್ ಬಾಟಲಿಗೆ ಮೂರು ದಾಟಿದರೇ ಕಷ್ಟ. ಇದು ಶಾಂಪೇನಿನ ದಪ್ಪ ಗಾಜು ತಡೆಯಬೇಕಾದ ಒತ್ತಡ.

ಶಾಂಪೇನಿನವರಿಗೂ ಈ ವಿದ್ಯೆ ಸುಲಭಕ್ಕೆ ಒಲಿದದ್ದಲ್ಲ. 19ನೇ ಶತಮಾನದಲ್ಲಿ ಅಲ್ಲಿನ ನೆಲಮಾಳಿಗೆಗಳ ಕೆಲಸಗಾರರು ತಂತಿಯ ಮುಖವಾಡ ತೊಟ್ಟು ಓಡಾಡುತ್ತಿದ್ದರು. 1830ರ ದಶಕದಲ್ಲಿ ಶಾಲೋನ್ ಊರಿನ ಔಷಧಿ ವ್ಯಾಪಾರಿ ಝಾನ್ ಬ್ಯಾಪ್ಟಿಸ್ಟ್ ಫ್ರಾಂಸ್ವಾ, ವೈನಿನಲ್ಲಿ ಉಳಿದಿರುವ ಸಕ್ಕರೆಯನ್ನು ಮೊದಲು ಅಳೆದು ಆಮೇಲೆ ಹೊಸದನ್ನು ಸೇರಿಸುವ ದಾರಿ ತೋರಿಸಿದ.

ನಮಗೆ ಆ ಅಳತೆ ಕೊಡುವುದು ಹೈಡ್ರೋಮೀಟರ್, ಸಾಂದ್ರತೆ ತೋರಿಸುವ ಗಾಜಿನ ಕಡ್ಡಿ. ಹುದುಗುವ ಡಬ್ಬಿಯಿಂದ ಗ್ಯಾಸ್ ಹೊರಬಿಡುವ ಏರ್‌ಲಾಕಿನ ಗುಳ್ಳೆಯನ್ನು ನಂಬಬೇಡಿ. ಡಬ್ಬಿಯ ಮುಚ್ಚಳ ಸಡಿಲವಿದ್ದರೂ ಅದು ನಿಲ್ಲುತ್ತದೆ. ಮಾದರಿಯನ್ನು ಜಾಡಿಗೆ ಹಾಕಿ, ಗಾಜಿನ ಕಡ್ಡಿಯನ್ನು ತೇಲಿಬಿಟ್ಟು, ಬೆರಳಲ್ಲಿ ಒಮ್ಮೆ ತಿರುಗಿಸಿ. ಅದಕ್ಕಂಟಿದ ಗುಳ್ಳೆಗಳು ಉದುರಲಿ. ಇಲ್ಲದಿದ್ದರೆ ಅವು ಕಡ್ಡಿಯನ್ನು ಮೇಲೆತ್ತಿ ಸುಳ್ಳು ಹೇಳಿಸುತ್ತವೆ. ಬಗ್ಗಿ, ಕಣ್ಣಮಟ್ಟದಲ್ಲಿ, ಅಂಚಿಗೇರಿದ ದ್ರವವನ್ನು ಬಿಟ್ಟು ನಡುವಿನ ಮಟ್ಟ ಓದಿ. ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ. ಅಂಕಿ ಕದಲದಿದ್ದರೆ ತುಂಬಿಸಿ, ಅದೂ ರೆಸಿಪಿ ಹೇಳಿದ ಸಾಂದ್ರತೆಯ ಆಸುಪಾಸಿನಲ್ಲಿದ್ದರೆ ಮಾತ್ರ. ಏಕೆಂದರೆ ಚಳಿಗೆ ಮಂಕಾದ ಯೀಸ್ಟ್ ಬೆಚ್ಚಗಾದೊಡನೆ ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ಇಷ್ಟಾದರೂ ಎರಡು ಕಡೆ ಎಚ್ಚರ ಬೇಕು. ಸೈಸನ್ ಎಂಬ ಬಿಯರಿಗೆ ಬಳಸುವ ಕೆಲವು ಡಯಾಸ್ಟಾಟಿಕಸ್ ಯೀಸ್ಟ್‌ಗಳು ಬೇರೆಯವು ಮುಟ್ಟದ ಡೆಕ್ಸ್‌ಟ್ರಿನ್ ಎಂಬ ದೊಡ್ಡ ಸಕ್ಕರೆಯನ್ನೂ ವಾರಗಟ್ಟಲೆ ಮೇಯುತ್ತವೆ. ಪೈಪು ಸರಿಯಾಗಿ ತೊಳೆಯದಿದ್ದರೆ ಮುಂದಿನ ಬಿಯರಿಗೂ ಹತ್ತಿಕೊಳ್ಳುತ್ತವೆ. ಹುದುಗಿದ ಮೇಲೆ ಹಾಪ್ಸ್ ಹಾಕುವವರಿಗೂ ಇದೇ ತಲೆನೋವು: ಹಾಪ್ಸ್‌ನ ಕಿಣ್ವಗಳು ಡೆಕ್ಸ್‌ಟ್ರಿನ್ ಒಡೆದು ಯೀಸ್ಟಿಗೆ ಎರಡನೇ ಪಂಕ್ತಿಯ ಊಟ ಬಡಿಸುತ್ತವೆ.

ಪ್ರತಿ ಸಲವೂ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ಜೊತೆಗೆ ತುಂಬಿಡಿ. ಅದು ಒತ್ತಿದರೂ ಬಗ್ಗದಷ್ಟು ಗಟ್ಟಿಯಾದ ದಿನ ಒಂದು ಗಾಜಿನ ಬಾಟಲಿಯನ್ನು ತಣಿಸಿ ತೆರೆದು ನೋಡಿ. ಕಾರಂಜಿ ಚಿಮ್ಮಿದರೆ ಕಣ್ಣಿಗೆ ಗಾಗಲ್ಸ್, ಕೈಗೆ ದಪ್ಪ ಗವಸು ಹಾಕಿಕೊಂಡು ಉಳಿದವನ್ನು ಫ್ರಿಜ್ಜಿಗೆ ಸೇರಿಸಿ. ಚೆನ್ನಾಗಿ ತಣಿದ ಮೇಲೆ, ಟವೆಲ್ ಸುತ್ತಿ, ಒಂದೊಂದೇ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ.