ರದ್ದಿ ಹೊತ್ತಿಗೆಯನ್ನು ನೋಡುವ ಬಗೆ

ಹಳೆ ಲಕೋಟೆ, ಲಗ್ನಪತ್ರಿಕೆ, ಕರೆಂಟ್ ಬಿಲ್ಲು, ರದ್ದಿ ಕಾಗದ ಎಲ್ಲ ಸೇರಿಸಿ ಕೈಯಾರೆ ಹೊಲಿದ ಚಿತ್ರ-ದಿನಚರಿಯೊಂದು ನಿಮ್ಮ ಕೈಗೆ ಬಂದರೆ ಮೊದಲೇ ಚಿತ್ರ ನೋಡಲು ಹೋಗಬೇಡಿ. ಬೆನ್ನು ನೋಡಿ. ಮೇಜಿನ ಮೇಲಿಟ್ಟು ನಟ್ಟನಡುವೆ ತೆರೆಯಿರಿ. ಒತ್ತಿ ಹಿಡಿಯದೆಯೇ ಪುಟಗಳು ಅಂಗಾತ ಬಿದ್ದುಕೊಂಡರೆ ಹೊಲಿದವರಿಗೆ ದಾರದ ಬಿಗಿ ಗೊತ್ತಿದೆ ಎಂದರ್ಥ.

ಅಂಟಿಸುವ ಪುಸ್ತಕಕ್ಕೆ ಒಂದು ಕಷ್ಟ ತಪ್ಪಿದ್ದಲ್ಲ. ಚೂರುಗಳು ಕೂಡುತ್ತ ಹೋದಂತೆ ಬಾಯಿ ಉಬ್ಬುತ್ತದೆ, ಬೆನ್ನು ಮಾತ್ರ ತೆಳ್ಳಗೇ ಉಳಿಯುತ್ತದೆ. ಅದಕ್ಕೇ ಬಲ್ಲವರು ಹೊಲಿಯುವಾಗಲೇ ಹಾಳೆಗಳ ನಡುವೆ ಬೆರಳಗಲದ ಪಟ್ಟಿಗಳನ್ನು ಸೇರಿಸಿ ಮುಂದೆ ಬರುವ ದಪ್ಪಕ್ಕೆ ಎಡೆ ಬಿಟ್ಟಿರುತ್ತಾರೆ. ಹೊತ್ತಿಗೆ ಕಟ್ಟುವಾಗಿನ ಇಂಥ ಮುಂದಾಲೋಚನೆ ಬಸವಕಲ್ಯಾಣದ ಬಳಿಯ ನಮ್ಮ ಮೋರಖಂಡಿಗೆ ದೂರದ್ದಲ್ಲ. ರಾಷ್ಟ್ರಕೂಟರ ಮೂರನೆಯ ಗೋವಿಂದನ ವಣಿ-ದಿಂಡೋರಿ ಮತ್ತು ರಾಧನ್‌ಪುರದ ತಾಮ್ರಪಟಗಳು 808ರ ಸುಮಾರಿಗೆ ಹೊರಟದ್ದು ಮಯೂರಖಂಡಿಯಿಂದ. ಅದು ನಾಸಿಕದ ಕಡೆಯ ಬೆಟ್ಟದ ಕೋಟೆ ಎನ್ನುವವರಿದ್ದಾರೆ. ನಮ್ಮ ಮೋರಖಂಡಿಯೇ ಎನ್ನುವ ವಿದ್ವಾಂಸರೂ ಇದ್ದಾರೆ. ತಾಮ್ರಪಟವೆಂದರೆ ಅರಸನ ಟಪಾಲೇ: ತಗಡುಗಳಿಗೆ ತೂತು ಕೊರೆದು, ಬಳೆ ಪೋಣಿಸಿ, ಬಳೆಗೆ ಮುದ್ರೆ ಒತ್ತಿದ ಹೊತ್ತಿಗೆ. ಒಳಗಿನ ಅಕ್ಷರಗಳು ತಿಕ್ಕಾಡಿ ಸವೆಯದಿರಲೆಂದು ತಗಡಿನ ಅಂಚನ್ನು ತುಸು ಎತ್ತರಿಸುವ ರೂಢಿ ಆಗಲೇ ಇತ್ತು.

ಬಳಸಿದ್ದನ್ನೇ ಮತ್ತೆ ಬಳಸುವ ಹೊತ್ತಿಗೆಯೂ ಕನ್ನಡಕ್ಕೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಹಿಂದು ಮುಂದಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ನೆನೆಯಿರಿ. ಬೇಡವಾದ ಬರಹ ಅಳಿಸಿ ಅದರ ಮೇಲೆಯೇ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಆಕರ. ಹಳೆ ಇನ್‌ಲ್ಯಾಂಡ್ ಪತ್ರಗಳನ್ನು ಅಂಚಿಗೆ ಅಂಚು ಜೋಡಿಸಿ ಕಡತದಂತೆ ಮಡಿಚಿದ ದಿನಚರಿ ಕಂಡರೆ ಅದಕ್ಕೆ ನನ್ನ ಮೊದಲ ಅಂಕ.

ಹಾಳೆಯೂ ಮನೆಯಲ್ಲೇ ಆಗಿದ್ದರೆ ಬೆಳಕಿಗೆ ಹಿಡಿಯಿರಿ. ನೆನೆಸಿ, ಅರೆದು, ಜಾಳಿಗೆಯಲ್ಲಿ ಎತ್ತಿ ಒಣಗಿಸಿದ ಕಾಗದದಲ್ಲಿ ನಾರು ಮೋಡದಂತೆ ಹರಡಿರುತ್ತದೆ, ಅಂಚು ಹರಕು ಹರಕಾಗಿರುತ್ತದೆ. ಆ ಅಂಚನ್ನು ಕತ್ತರಿಸಿ ನೇರ ಮಾಡಿದ್ದರೆ ನನಗೆ ಬೇಸರ. ಬರೀ ಪತ್ರಿಕೆ ರದ್ದಿಯ ಹಾಳೆ ಬೇಗ ಹಳದಿಯಾಗುತ್ತದೆ. ಹತ್ತಿ ಚಿಂದಿ ಬೆರೆತದ್ದು ಬಾಳುತ್ತದೆ.

ಈಗ ಪುಟಕ್ಕೆ ಬನ್ನಿ. ಬ್ಯಾಂಕಿನಿಂದ ಬರುವ ಲಕೋಟೆಯ ಒಳಮೈ ಗಮನಿಸಿದ್ದೀರಾ? ಒಳಗಿನದು ಹೊರಗೆ ಕಾಣದಿರಲೆಂದು ನೀಲಿ ಗೀರುಗಳ ಬಲೆ ಅಚ್ಚಾಗಿರುತ್ತದೆ. ಅದನ್ನು ತಿರುವಿ ಅಂಟಿಸಿದರೆ ಮಳೆಗಾಲದ ಆಕಾಶ ತಯಾರು. ವಿಳಾಸದ ಪಾರದರ್ಶಕ ಕಿಂಡಿಯನ್ನು ಹಾಗೇ ಉಳಿಸಿ ಅದರ ಹಿಂದೆ ಲಗ್ನಪತ್ರಿಕೆಯ ಅರಿಶಿನ ಬಣ್ಣದ ಚೂರು ಇಟ್ಟರೆ ದೀಪ ಹಚ್ಚಿದ ಕಿಟಕಿ. ಬಣ್ಣ ಬಳಿಯದೆ ಚಿತ್ರ ಬಂತು, ಲಕೋಟೆ ಲಕೋಟೆಯಾಗಿಯೇ ಉಳಿಯಿತು. ಈ ಕಲೆಯ ಜೀವ ಇಲ್ಲಿದೆ. ಹ್ಯಾನೋವರ್‌ನ ಕುರ್ಟ್ ಶ್ವಿಟರ್ಸ್ 1919ರಿಂದ ಟ್ರಾಮ್ ಟಿಕೇಟು, ಲಕೋಟೆ ತುಂಡುಗಳಿಂದ ಚಿತ್ರ ಕಟ್ಟಿದಾಗಲೂ ಟಿಕೇಟು ಟಿಕೇಟಾಗಿಯೇ ಕಾಣುತ್ತಿತ್ತು. ಅಂಗಡಿಯಿಂದ ತಂದ "ಹಳೆಯಂತೆ ಕಾಣುವ" ಸ್ಟಿಕ್ಕರ್, ಲೇಸುಗಳಿಂದ ಪುಟ ಮುಚ್ಚಿದ್ದರೆ ಧಾರಾಳವಾಗಿ ಮುಂದೆ ಹೋಗಿ.

ಗುರುತುಗಳನ್ನು ಓದುವುದು ಅರ್ಧ ಸುಖ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅಚ್ಚಾದ ವಿಳಾಸದಲ್ಲಿ ಅದಿದ್ದರೆ ಆ ಲಕೋಟೆ ಅದಕ್ಕಿಂತ ಹಳೆಯದಲ್ಲ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಹೀಗಾಗಿ ರಿಜಿಸ್ಟರ್ ಚೀಟಿ ಅಂಟಿದ ತುಂಡು ಸಿಕ್ಕರೆ ಅದು ಯಾವ ಮೂಲೆಯಲ್ಲಿ ಕೂತಿದೆ, ಏಕೆ ಕೂತಿದೆ ಎಂದು ನಿಂತು ನೋಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಪತ್ರ ಇನ್ನೊಬ್ಬರ ಮಾತು. ಖಾತೆ ಸಂಖ್ಯೆ, ಫೋನ್ ನಂಬರು, ಮನೆಯ ಕಷ್ಟಸುಖ ಹಾಗೇ ಬಯಲಾಗಿರುವ ಪುಟ ಎಷ್ಟೇ ಚೆಂದವಿದ್ದರೂ ನಾನು ಮೆಚ್ಚಲಾರೆ. ಅಕ್ಷರದ ಓಟ ಮಾತ್ರ ಉಳಿದು ಅರ್ಥ ತಿಳಿಯದಂತೆ ಅಡ್ಡಡ್ಡ ಸೀಳಿ ಅಂಟಿಸಿದವರನ್ನು ನಾಲ್ಕು ಜನರ ಮುಂದೆ ಹೊಗಳಬೇಕು.

ಕೊನೆಗೆ ಅಂಟು ಯಾವುದೆಂದು ಕೇಳಿ. ಮೈದಾ ಖಳಿ ಎಂದರೆ ಹುಳ ಬರುವ ಭಯ ಇದ್ದೇ ಇದೆ. ಹಳೆ ಬೈಂಡರುಗಳು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಸಿಗಬಾರದು. ಇದನ್ನೆಲ್ಲ ಕೇಳಿದಿರೆಂದರೆ ಮಾಡಿದವರು ಮುಂದಿನ ಪುಸ್ತಕವನ್ನೂ ತಾವಾಗಿಯೇ ತಂದು ತೋರಿಸುತ್ತಾರೆ.